‘ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಎನ್ನುವ ಶಾಲೆಗಳಿಗೆ



ಮೂವತ್ತನಾಲ್ಕು ವರ್ಷ ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ, ಸೇತುವೆ, ಸರ್ಕಾರಿ ಕಟ್ಟಡ ಎಂದು ಓಡಾಡಿದವನು ನಾನು. ಹುಟ್ಟಿದ್ದು ಹಾವೇರಿ ಜಿಲ್ಲೆ, ನಿವೃತ್ತಿಯ ನಂತರ ನೆಲೆ ನಿಂತದ್ದು ಮಂಗಳೂರಿನಲ್ಲಿ ಮಗನ ಮನೆಯಲ್ಲಿ. ಮೂರನೇ ತರಗತಿ ಮುಗಿಸಿದ ಎಂಟು ವರ್ಷದ ಮೊಮ್ಮಗನಿದ್ದಾನೆ. ಅವನಿಗೆ ಆಟಿಸಂ ಇದೆ. ಕನ್ನಡದಲ್ಲಿ ಸ್ವಲೀನತೆ ಎನ್ನುತ್ತಾರೆ, ಆ ಪದ ನನಗೆ ಅಷ್ಟಾಗಿ ಹಿಡಿಸಿಲ್ಲ. ಅವನು ತನ್ನಲ್ಲೇ ಲೀನನಾದವನಲ್ಲ. ಹೊರಗಿನ ಸದ್ದು, ಬೆಳಕು, ವಾಸನೆ ನಮಗಿಂತ ಎಷ್ಟೋ ಪಟ್ಟು ಜೋರಾಗಿ ಅವನೊಳಗೆ ನುಗ್ಗುತ್ತವೆ, ಅಷ್ಟೇ.

ಅವನನ್ನು ಶಾಲೆಗೆ ಸೇರಿಸುವಾಗ ಮೂರು ಕಡೆ ಒಂದೇ ಮಾತು ಕೇಳಿದೆವು: ‘ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ ಸರ್.’ ಮೊದಲನೆಯವರು ಮಗುವನ್ನು ಕೂರಿಸಿ ಹೆಸರು ಕೇಳಿದರು, ಅವನು ಉತ್ತರಿಸಲಿಲ್ಲ, ಫೈಲು ಮುಚ್ಚಿದರು. ಎರಡನೆಯವರು ಸೇರಿಸಿಕೊಂಡು ಮೂರು ವಾರಕ್ಕೆ ವಾಪಸ್ ಕಳಿಸಿದರು. ಮೂರನೆಯ ಶಾಲೆ ಮಗ ಆಗ ಕೆಲಸದಲ್ಲಿದ್ದ ಬೇರೊಂದು ಊರಿನದು, ನಮ್ಮವರೇ ನಡೆಸುವಂಥದ್ದು. ಆಫೀಸಿನ ಗೋಡೆಯ ಮೇಲೆ ಬಸವಣ್ಣನವರ ದೊಡ್ಡ ಭಾವಚಿತ್ರ, ಅದರ ಕೆಳಗೆ ಕುಳಿತವರು ಹೇಳಿದ್ದೂ ಅದೇ ಮಾತು. ಊರಿನ ಹೆಸರು, ಶಾಲೆಯ ಹೆಸರು ಬೇಡ. ಆದರೆ ಆ ದಿನ ನನಗಾದ ನೋವು ಮೊದಲೆರಡು ಕಡೆ ಆಗಿರಲಿಲ್ಲ ಎಂಬುದನ್ನು ಹೇಳದೆ ಇರಲಾರೆ.

ಇದು ಅಪರೂಪದ ಸಮಸ್ಯೆ ಎಂದುಕೊಳ್ಳುವವರಿಗೆ ಒಂದು ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 127 ಮಂದಿಗೆ ಒಬ್ಬರಿಗೆ ಆಟಿಸಂ ಇದೆ. ಸಾವಿರ ಮಕ್ಕಳಿರುವ ಶಾಲೆಯಲ್ಲಿ ಏಳೆಂಟು ಮಕ್ಕಳು ಇರಬೇಕು. ‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂದು ಮುಖ್ಯೋಪಾಧ್ಯಾಯರು ಹೇಳಿದರೆ ಎರಡೇ ಅರ್ಥ. ಮಕ್ಕಳು ಇದ್ದಾರೆ, ‘ಹಟಮಾರಿ’, ‘ದಡ್ಡ’ ಎಂಬ ಹೆಸರಿನಲ್ಲಿ ಹಿಂದಿನ ಬೆಂಚಿನಲ್ಲಿದ್ದಾರೆ. ಇಲ್ಲವೇ ಅವರನ್ನು ಗೇಟಿನಲ್ಲೇ ತಡೆಯಲಾಗಿದೆ.

ಮನೆಯೊಳಗಿನ ಸಂಗತಿಯನ್ನೂ ಹೇಳಬೇಕು. ಶಾಲೆಗಳು ಬಾಗಿಲು ಹಾಕುವ ಮೊದಲೇ ನಮ್ಮ ಬಂಧುಗಳು ಹಾಕಿದ್ದರು. ಹಿಂದಿನ ಜನ್ಮದ ಪಾಪ ಎಂದವರಿದ್ದಾರೆ. ಜಾತಕ ತೋರಿಸಿ ಎಂದವರಿದ್ದಾರೆ. ಪ್ರತಿ ಬಸವ ಜಯಂತಿಗೆ ಕರ್ಮ ಸಿದ್ಧಾಂತದ ವಿರುದ್ಧ ಭಾಷಣ ಮಾಡುವ ಒಬ್ಬರು ನಮ್ಮ ಸೊಸೆಗೆ ಮೆಲ್ಲಗೆ, ‘ಬಸುರಿಯಿದ್ದಾಗ ಮೊಬೈಲು ಜಾಸ್ತಿ ನೋಡಿದೆಯಾ ತಂಗಿ?’ ಎಂದು ಕೇಳಿದರು. ಕರ್ಮವನ್ನು ಮುಂಬಾಗಿಲಿನಿಂದ ಓಡಿಸಿ ಹಿತ್ತಿಲಿನಿಂದ ತಾಯಿಯ ತಲೆಗೆ ಕಟ್ಟುವುದು ಎಂದರೆ ಇದೇ. ಇದು ನಮ್ಮಲ್ಲಿ ಮಾತ್ರ ಇರುವ ಚಾಳಿಯೂ ಅಲ್ಲ. 1943ರಲ್ಲಿ ಅಮೆರಿಕದಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ವಿವರ ಬರೆದು ಈ ಸ್ಥಿತಿಯನ್ನು ಗುರುತಿಸಿದರು. ಆಮೇಲೆ ಸುಮಾರು ಎರಡು ದಶಕ ಅಲ್ಲಿನ ಪಂಡಿತರು ತಾಯಂದಿರ ‘ತಣ್ಣನೆಯ ಮನಸ್ಸೇ’ ಕಾರಣ ಎಂದು ವಾದಿಸಿದರು. 1964ರಲ್ಲಿ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಶ್ಶಾಸ್ತ್ರಜ್ಞ, ಸ್ವತಃ ಆಟಿಸಂ ಇರುವ ಮಗನ ತಂದೆ, ಪುಸ್ತಕ ಬರೆದು ಅದನ್ನು ಅಲ್ಲಗಳೆದರು. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಹೆಚ್ಚಿನ ಪಾಲು ಆನುವಂಶಿಕ. ತಾಯಿ ಕಾರಣಳಲ್ಲ. ಲಸಿಕೆಯೂ ಕಾರಣವಲ್ಲ, ಹಾಗೆಂದು 1998ರಲ್ಲಿ ಬಂದ ಲೇಖನವನ್ನು ಅದನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು.

ನನ್ನ ತಪ್ಪನ್ನೂ ಬರೆಯುತ್ತೇನೆ. ಮೊದಲ ಎರಡು ವರ್ಷ ನಾನು ಅವನ ಗಲ್ಲ ಹಿಡಿದು ‘ನನ್ನ ಕಣ್ಣು ನೋಡಿ ಮಾತಾಡು’ ಎನ್ನುತ್ತಿದ್ದೆ. ಬೆಳಿಗ್ಗೆ ಪೂಜೆಗೆ ಕುಳಿತಾಗ ಹಣೆಗೆ ವಿಭೂತಿ ಹಚ್ಚಿದರೆ ಕಿರುಚುತ್ತಿದ್ದ, ನಾನು ಬಲವಂತ ಮಾಡುತ್ತಿದ್ದೆ. ಸಂಸ್ಕಾರ ಕಲಿಸುತ್ತಿದ್ದೇನೆ ಎಂಬ ಭ್ರಮೆ. ಒಣಗಿದ ವಿಭೂತಿ ಚರ್ಮವನ್ನು ಎಳೆಯುವುದು ಅವನಿಗೆ ಮುಳ್ಳು ಚುಚ್ಚಿದಂತೆ ಎಂದು ಥೆರಪಿಯವರು ವಿವರಿಸಿದ ಮೇಲೆ ಬಿಟ್ಟೆ. ಈಗ ಅವನು ತಾನಾಗಿ ಬಂದು ಪಕ್ಕದಲ್ಲಿ ಕೂರುತ್ತಾನೆ, ಹದಿನೈದು ನಿಮಿಷ ಕದಲುವುದಿಲ್ಲ. ಹಣೆ ಬರಿದಾಗಿದೆ ಎಂದು ಆಕ್ಷೇಪಿಸಿದ ಬಂಧುಗಳಿಗೆ, ನೀವು ಎಷ್ಟು ನಿಮಿಷ ಕದಲದೆ ಕೂರುತ್ತೀರಿ ಎಂದು ಕೇಳಿದ್ದೇನೆ.

ಇನ್ನು ಶಾಲೆಯ ವಿಷಯ. ನಾಲ್ಕನೆಯ ಪ್ರಯತ್ನದಲ್ಲಿ ಮಂಗಳೂರಿನ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆ ಅವನನ್ನು ತೆಗೆದುಕೊಂಡಿತು. ಮುಖ್ಯ ಶಿಕ್ಷಕಿ ಅವನ ಹೆಸರು ಕೇಳಲಿಲ್ಲ. ‘ಇವನಿಗೆ ಏನು ಇಷ್ಟ?’ ಎಂದು ನಮ್ಮನ್ನು ಕೇಳಿದರು. ಸಿಟಿ ಬಸ್ಸಿನ ನಂಬರುಗಳು ಎಂದೆವು. ಅವರು ಒಂದು ಚೀಟಿಯಲ್ಲಿ ತಮ್ಮ ಮನೆ ಕಡೆಯ ಬಸ್ಸಿನ ನಂಬರು ಬರೆದು ಅವನ ಮುಂದೆ ಇಟ್ಟರು. ಅವನು ಸ್ಟೇಟ್‌ಬ್ಯಾಂಕ್ ನಿಲ್ದಾಣದಿಂದ ಅವರ ಮನೆಯವರೆಗಿನ ನಿಲ್ದಾಣಗಳನ್ನೆಲ್ಲ ಸಾಲಾಗಿ ಹೇಳಿದ. ಅಷ್ಟೇ ಸಂದರ್ಶನ.

ಆದರೆ ತರಗತಿಯ ಶಿಕ್ಷಕಿಯೊಂದಿಗೆ ನಾನೇ ಕೆಲಸ ಕೆಡಿಸಿದೆ. ಸರ್ಕಾರಿ ನೌಕರಿಯ ಅಭ್ಯಾಸ ನೋಡಿ, ಮೊದಲ ವಾರವೇ ಕಾಯ್ದೆಯ ಕಲಮುಗಳನ್ನೆಲ್ಲ ಉಲ್ಲೇಖಿಸಿ ಎರಡು ಪುಟದ ಪತ್ರ ಕೊಟ್ಟೆ. ಆಕೆಯ ತರಗತಿಯಲ್ಲಿ 42 ಮಕ್ಕಳು. ವಿಶೇಷ ಶಿಕ್ಷಣದ ತರಬೇತಿ ಒಂದು ದಿನವೂ ಸಿಕ್ಕಿರಲಿಲ್ಲ. ಪತ್ರ ಓದಿ ಹೆದರಿದರು, ಹೆದರಿದವರು ದೂರವಾದರು. ಒಂದು ತಿಂಗಳು ನಮ್ಮ ಹುಡುಗನನ್ನು ಯಾರೂ ಬಯ್ಯಲೂ ಇಲ್ಲ, ಮಾತನಾಡಿಸಲೂ ಇಲ್ಲ. ಸೊಸೆ ಹೋಗಿ ಕ್ಷಮೆ ಕೇಳಿ, ಒಂದೇ ಒಂದು ಹಾಳೆ ಕೊಟ್ಟು ಬಂದಳು. ಅವನಿಗೆ ಏನು ಇಷ್ಟ, ಯಾವುದು ಕಷ್ಟ, ಸಿಟ್ಟು ಏರುವ ಮೊದಲು ಕಾಣುವ ಗುರುತು ಏನು (ಅವನು ಅಂಗಿಯ ಕಾಲರ್ ಕಚ್ಚುತ್ತಾನೆ), ಆಗ ಏನು ಮಾಡಿದರೆ ಇಳಿಯುತ್ತದೆ, ಏನು ಮಾಡಬಾರದು. ದೊಡ್ಡ ಅಕ್ಷರ, ಸರಳ ವಾಕ್ಯ. ಆ ಹಾಳೆಯನ್ನು ಶಿಕ್ಷಕಿ ಹಾಜರಿ ಪುಸ್ತಕದೊಳಗೆ ಇಟ್ಟುಕೊಂಡರು. ನನ್ನ ಎರಡು ಪುಟಕ್ಕಿಂತ ಅದು ಹೆಚ್ಚು ಕೆಲಸ ಮಾಡಿತು.

ನಮ್ಮ ಇಲಾಖೆಯಲ್ಲಿ ಎಂ.ಬಿ. ಎಂಬ ಅಳತೆ ಪುಸ್ತಕ ಇರುತ್ತದೆ. ಸ್ಥಳದಲ್ಲಿ ಅಳೆಯದೆ ಬಿಲ್ಲು ಪಾಸಾಗುವುದಿಲ್ಲ. (ಪಾಸಾದ ಉದಾಹರಣೆಗಳು ಬೇಕಾದಷ್ಟಿವೆ, ಆ ಮಾತು ಬೇರೆ.) ಅಂಥದೇ ಒಂದು ಪುಸ್ತಕ ತೆರೆದೆವು. ಅವನು ಕಿರುಚಿದರೆ, ಓಡಿದರೆ, ತಲೆ ಚಚ್ಚಿಕೊಂಡರೆ, ಎಷ್ಟು ಗಂಟೆಗೆ, ಎಲ್ಲಿ, ಅದಕ್ಕೆ ಸರಿಯಾಗಿ ಮೊದಲು ಏನಾಗಿತ್ತು ಎಂದು ಶಿಕ್ಷಕಿ ಒಂದೇ ಸಾಲು ಬರೆಯುವುದು. ಮನೆಯಲ್ಲಿ ನಾವೂ ಬರೆಯುವುದು. ಆರು ವಾರದಲ್ಲಿ ಹದಿನೇಳು ಘಟನೆ ದಾಖಲಾದವು. ಅದರಲ್ಲಿ ಹನ್ನೊಂದು ಮಧ್ಯಾಹ್ನದ ಊಟದ ಬೆಲ್ಲಿನ ಸುತ್ತಮುತ್ತ. ಅಲ್ಲಿಯವರೆಗೆ ಎಲ್ಲರೂ ‘ಗಣಿತ ಪೀರಿಯಡ್ ಬಂದರೆ ಹಟ ಮಾಡುತ್ತಾನೆ’ ಎಂದುಕೊಂಡಿದ್ದರು. ಗಣಿತ ಊಟಕ್ಕೆ ಮುಂಚಿನ ಪೀರಿಯಡ್, ಅಷ್ಟೇ. ಅವನನ್ನು ಕಾಡುತ್ತಿದ್ದದ್ದು ಅಕ್ಷರ ದಾಸೋಹದ ಹಾಲಿನಲ್ಲಿ ಇನ್ನೂರು ಸ್ಟೀಲ್ ತಟ್ಟೆಗಳ ಸದ್ದು ಮತ್ತು ಸಾಂಬಾರಿನ ವಾಸನೆ. ಅದು ಬರುತ್ತದೆ ಎಂಬ ಆತಂಕ ಒಂದು ಗಂಟೆ ಮೊದಲೇ ಶುರುವಾಗುತ್ತಿತ್ತು. ಪರಿಹಾರಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಅವನು ಇಬ್ಬರು ಗೆಳೆಯರೊಂದಿಗೆ ಜಗಲಿಯಲ್ಲಿ ಕುಳಿತು ಬರೀ ಅನ್ನ ಮತ್ತು ಮಜ್ಜಿಗೆ ಉಣ್ಣುತ್ತಾನೆ.

ಮಳೆಗಾಲ ಮತ್ತೊಂದು ಪರೀಕ್ಷೆ. ಕರಾವಳಿಯವರಿಗೆ ಗೊತ್ತು, ಜೂನ್ ಜುಲೈನಲ್ಲಿ ರೆಡ್ ಅಲರ್ಟ್ ಬಂದರೆ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ, ಸುದ್ದಿ ಕೆಲವೊಮ್ಮೆ ಬೆಳಿಗ್ಗೆ ವಾಟ್ಸ್‌ಆ್ಯಪ್‌ನಲ್ಲಿ ಬರುತ್ತದೆ. ಉಳಿದ ಮಕ್ಕಳು ಕುಣಿಯುತ್ತಾರೆ. ನಮ್ಮವನು ಯೂನಿಫಾರಂ ಹಾಕಿ, ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು ಮಧ್ಯಾಹ್ನದವರೆಗೆ ಅಳುತ್ತಿದ್ದ. ಇಂದು ಶಾಲೆ ಎಂದರೆ ಶಾಲೆ. ಅದು ತಪ್ಪಿದರೆ ನೆಲವೇ ಕುಸಿದಂತೆ. ಈಗ ಅವನಿಗೆ ಗೋಡೆಯ ಮೇಲೆ ಚಿತ್ರಗಳ ವೇಳಾಪಟ್ಟಿ ಇದೆ. ಮಳೆಗಾಲದ ಪ್ರತಿ ರಾತ್ರಿ ಎರಡು ಚಿತ್ರ ಪಕ್ಕಪಕ್ಕ ಅಂಟಿಸುತ್ತೇವೆ: ಶಾಲೆ, ಅಥವಾ ಮಳೆ ರಜೆ. ‘ನಾಳೆ ಏಳು ಗಂಟೆಗೆ ಗೊತ್ತಾಗುತ್ತದೆ’ ಎಂದು ಹೇಳುತ್ತೇವೆ. ‘ಅಥವಾ’ ಎಂಬ ಪದವನ್ನು ಅವನಿಗೆ ಕಲಿಸಿದ್ದು ವ್ಯಾಕರಣ ಪುಸ್ತಕವಲ್ಲ, ಮಂಗಳೂರಿನ ಮಳೆ. ನವರಾತ್ರಿಯಲ್ಲಿ ಪಿಲಿವೇಷದ ತಾಸೆ ಬಡಿತ ಬೀದಿಗೆ ಬಂದಾಗ ಕಿವಿಗೆ ಹಾಕುವ ಮಫ್ ಕೊಡುತ್ತೇವೆ. ಕಿಟಕಿಯಿಂದ ಹುಲಿಗಳನ್ನು ನೋಡುವುದು ಅವನಿಗೆ ಇಷ್ಟವೇ.

ಘಟ್ಟದ ರಸ್ತೆಯಲ್ಲಿ ತಡೆಗೋಡೆ ಕಟ್ಟುವಾಗ ನಾವು ಅಲ್ಲಲ್ಲಿ ತೂತು ಬಿಡುತ್ತೇವೆ. ಹಿಂದಿನ ಮಣ್ಣಿನಲ್ಲಿ ತುಂಬಿದ ನೀರು ಹೊರಬರಲು ದಾರಿ ಬೇಕು. ಇಲ್ಲದಿದ್ದರೆ ಎಷ್ಟು ದಪ್ಪ ಗೋಡೆಯಾದರೂ ಒಂದು ಮಳೆಗಾಲಕ್ಕೆ ಉರುಳುತ್ತದೆ. ಶಿಕ್ಷಕಿಗೆ ಇದನ್ನು ಹೇಳಿದೆ. ಅವರು ಹಳದಿ ರಟ್ಟಿನ ಒಂದು ಕಾರ್ಡು ಮಾಡಿ ಅವನ ಡೆಸ್ಕಿನಲ್ಲಿಟ್ಟರು. ತಡೆಯಲಾಗದಾಗ ಕಾರ್ಡು ಎತ್ತಿ, ಹೊರಗೆ ಹೋಗಿ, ನಲ್ಲಿಯ ಹತ್ತಿರ ಐದು ನಿಮಿಷ ನಿಂತು ಬರಬಹುದು. ಎಲ್ಲ ಮಕ್ಕಳೂ ಕಾರ್ಡು ಕೇಳಿದರೆ ಏನು ಮಾಡುವುದು ಎಂಬ ಚಿಂತೆ ಅವರಿಗಿತ್ತು. ಯಾರೂ ಕೇಳಲಿಲ್ಲ.

ಎಲ್ಲವೂ ಸಲೀಸಾಗಿ ನಡೆಯಿತು ಎಂದರೆ ಸುಳ್ಳಾಗುತ್ತದೆ. ಎರಡನೇ ತರಗತಿಯಲ್ಲಿ ಒಮ್ಮೆ ಅವನು ಪಕ್ಕದ ಹುಡುಗಿಯ ಕೈ ಕಚ್ಚಿದ, ರಕ್ತ ಬಂತು. ಮರುದಿನ ಏಳೆಂಟು ಪೋಷಕರು ಮುಖ್ಯ ಶಿಕ್ಷಕಿಯ ಕೋಣೆಯಲ್ಲಿದ್ದರು. ಅವರ ಸಿಟ್ಟು ನ್ಯಾಯವಾದದ್ದೇ. ನನ್ನ ಮೊಮ್ಮಗಳನ್ನು ಯಾರಾದರೂ ಕಚ್ಚಿದ್ದರೆ ನಾನೂ ಅಲ್ಲಿರುತ್ತಿದ್ದೆ. ಮಗ, ಸೊಸೆ ಆ ಹುಡುಗಿಯ ಮನೆಗೆ ಹೋದರು. ಕಾಯಿಲೆಯ ಕಥೆ ಹೇಳಿ ಕನಿಕರ ಗಿಟ್ಟಿಸುವುದು ಬೇಡ, ಮೊದಲು ತಪ್ಪಾಯಿತು ಎನ್ನಿ ಎಂದು ನಾನು ಹೇಳಿ ಕಳಿಸಿದ್ದೆ. ಮುಖ್ಯ ಶಿಕ್ಷಕಿ ಉಳಿದ ಪೋಷಕರಿಗೆ ಹೇಳಿದ್ದು ಇಷ್ಟು: ‘ನಿಮ್ಮ ಮಕ್ಕಳ ಸುರಕ್ಷತೆ ನನ್ನ ಜವಾಬ್ದಾರಿ, ಆ ಹುಡುಗನೂ ನನ್ನ ಜವಾಬ್ದಾರಿ. ಒಬ್ಬರನ್ನು ಬಿಟ್ಟು ಇನ್ನೊಬ್ಬರನ್ನು ಕಾಪಾಡುವುದಿಲ್ಲ.’ ಕುಳಿತುಕೊಳ್ಳುವ ಜಾಗ ಬದಲಾಯಿತು. ಅಳತೆ ಪುಸ್ತಕ ನೋಡಿದರೆ ಅಂದು ಕಾರ್ಡು ಕಳೆದುಹೋಗಿತ್ತು, ಯಾರೂ ಗಮನಿಸಿರಲಿಲ್ಲ.

ಈಗ ಕಾನೂನಿನ ಮಾತು. ಮೊದಲ ದಿನ ಚೀಲದಿಂದ ತೆಗೆಯಬಾರದು ಎಂದೆ, ಚೀಲದಲ್ಲಿ ಇರಬಾರದು ಎನ್ನಲಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂನ ಹೆಸರೇ ಇರಲಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಲ್ಲಿ ಮೊದಲು ಬಂತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡಿದೆ, ಅದರಲ್ಲಿ ಆಟಿಸಂ ಇದೆ. ಅದರ 16ನೇ ಕಲಂ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಬಗ್ಗೆ ಹೇಳುತ್ತದೆ: ತಾರತಮ್ಯವಿಲ್ಲದೆ ಪ್ರವೇಶ, ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ. ಮಾನ್ಯತೆ ಎಂಬ ಪದವನ್ನು ಗಮನಿಸಿ. ಅನುದಾನವಿಲ್ಲದ ಖಾಸಗಿ ಶಾಲೆಯೂ ಬಂತು, ಮಠದ ಶಾಲೆಯೂ ಬಂತು. 17ನೇ ಕಲಂ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿದೆ. 31ನೇ ಕಲಂ ಪ್ರಕಾರ ಶೇ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ, ನೆರೆಯ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನದು. ಜೊತೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರವೇಶದ ವೇಳೆ ಮಗುವನ್ನು ಪರೀಕ್ಷಿಸಿ ಆರಿಸುವುದನ್ನು ನಿಷೇಧಿಸಿದೆ. ನಮ್ಮನ್ನು ಮೊದಲ ಶಾಲೆ ವಾಪಸ್ ಕಳಿಸಿದ್ದು ಅಂಥ ಪರೀಕ್ಷೆಯಿಂದಲೇ.

ಪ್ರಮಾಣಪತ್ರ ಮಾಡಿಸಲು ಹಿಂಜರಿಯುವ ಕುಟುಂಬಗಳು ನಮ್ಮಲ್ಲಿ ಬಹಳ. ‘ಅಂಗವಿಕಲ ಎಂಬ ಮುದ್ರೆ ಬೀಳುತ್ತದೆ, ನಾಳೆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಬರುವುದಿಲ್ಲ’ ಎನ್ನುತ್ತಾರೆ. ಮುದ್ರೆ ಹೇಗೂ ಬೀಳುತ್ತದೆ, ದಡ್ಡ ಎಂದೋ ಪುಂಡ ಎಂದೋ. ನಲವತ್ತು ಅಂಶಗಳ ಭಾರತೀಯ ಮಾಪನ ಪಟ್ಟಿಯೊಂದಿದೆ, ಅದರಲ್ಲಿ 70 ಅಂಕ ಬಂದರೆ ಶೇ 40 ಎಂದು ಲೆಕ್ಕ. ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ. ಮಂಗಳೂರಿನವರಿಗೆ ಅದು ವೆನ್ಲಾಕ್. ಆ ಕಾರ್ಡು ಇಲ್ಲದೆ ಎಸ್ಸೆಸ್ಸೆಲ್ಸಿಯಲ್ಲಿ ವಿನಾಯಿತಿ ಕೇಳಲು ಹೋದರೆ ಕೊನೆಯ ಗಳಿಗೆಯ ಓಡಾಟವಾಗುತ್ತದೆ. ಸರ್ಕಾರಿ, ಅನುದಾನಿತ ಶಾಲೆಯ ಪೋಷಕರು ಕ್ಷೇತ್ರ ಸಂಪನ್ಮೂಲ ಕೇಂದ್ರದ ಬಿಐಇಆರ್‌ಟಿ ಶಿಕ್ಷಕರನ್ನೂ ಕೇಳಿಕೊಳ್ಳಬೇಕು. ಒಬ್ಬರ ಮೇಲೆ ಇಡೀ ತಾಲ್ಲೂಕಿನ ಭಾರ, ದಿನವೂ ಬರಲಾರರು, ಆದರೆ ಶಿಕ್ಷಕಿಗೆ ದಾರಿ ತೋರಿಸಬಲ್ಲರು.

ಭಾಷೆಯ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಈ ಊರಿನಲ್ಲಿ ಬೀದಿಯಲ್ಲಿ ತುಳು, ಪಕ್ಕದ ಮನೆಯಲ್ಲಿ ಕೊಂಕಣಿ, ಆಟದಲ್ಲಿ ಬ್ಯಾರಿ, ಮನೆಯಲ್ಲಿ ನಮ್ಮ ಬಡಗಣ ಕನ್ನಡ. ‘ಇಷ್ಟೊಂದು ಭಾಷೆಯಿಂದಲೇ ಮಾತು ತಡವಾಯಿತು, ಮನೆಯಲ್ಲೂ ಇಂಗ್ಲಿಷೇ ಆಡಿ’ ಎಂದು ಒಂದು ಶಾಲೆಯಲ್ಲಿ ಹೇಳಿದ್ದರು. ಅಜ್ಜಿ ಆರು ತಿಂಗಳು ಮೊಮ್ಮಗನ ಎದುರು ಹೆಚ್ಚುಕಡಿಮೆ ಮೂಕಳಾದಳು. ಹೆಚ್ಚು ಭಾಷೆ ಕೇಳುವುದರಿಂದ ಇಂಥ ಮಕ್ಕಳಿಗೆ ಹಾನಿಯಿಲ್ಲ ಎಂದು ಅನೇಕ ಅಧ್ಯಯನಗಳು ಕಂಡುಕೊಂಡಿವೆ ಎಂದು ವಾಕ್ ಚಿಕಿತ್ಸಕರಿಂದ ತಿಳಿದ ದಿನ ಆಕೆಗೆ ಮಾತು ಮರಳಿತು. ಅವನ ಮೊದಲ ಪೂರ್ಣ ವಾಕ್ಯ ಅಜ್ಜಿಯಿಂದಲೇ ಬಂತು: ‘ರೊಟ್ಟಿ ಬ್ಯಾಡ ನನಗ.’

ಈಗ ನಮ್ಮ ಮಠಗಳ ಕಡೆಗೆ ತಿರುಗುತ್ತೇನೆ. ಈ ನಾಡಿನಲ್ಲಿ ಅಕ್ಷರ ಮತ್ತು ಅನ್ನವನ್ನು ಒಟ್ಟಿಗೆ ಕೊಟ್ಟವರು ನಾವು ಎಂಬ ಹೆಮ್ಮೆ ನಮಗಿದೆ, ಅದು ಸುಳ್ಳಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಕಣ್ಣಿಲ್ಲದ ಒಬ್ಬ ಬಾಲಕನನ್ನು ಕರೆದು ಸಂಗೀತ ಕಲಿಸುವ ವ್ಯವಸ್ಥೆ ಮಾಡಿದರು. ಆ ಬಾಲಕನೇ ಪಂಚಾಕ್ಷರ ಗವಾಯಿಗಳು. ಗದುಗಿನ ವೀರೇಶ್ವರ ಪುಣ್ಯಾಶ್ರಮ, ಪುಟ್ಟರಾಜ ಗವಾಯಿಗಳು, ಅಲ್ಲಿಂದ ಹೊರಬಂದ ನೂರಾರು ಅಂಧ ಕಲಾವಿದರು ಆ ಒಂದು ನಿರ್ಧಾರದ ಫಲ. ಕುಮಾರಸ್ವಾಮಿಗಳು ‘ನಮ್ಮಲ್ಲಿ ವ್ಯವಸ್ಥೆ ಇಲ್ಲ’ ಎಂದಿದ್ದರೆ? ಇತ್ತೀಚಿನ ಉದಾಹರಣೆ ಬೇಕಾದರೆ ಸುತ್ತೂರು ಮಠದ ಜೆಎಸ್‌ಎಸ್ ಸಂಸ್ಥೆ ಮೈಸೂರಿನಲ್ಲಿ ವಿಶೇಷ ಚೇತನರಿಗೆಂದೇ ಪಾಲಿಟೆಕ್ನಿಕ್ ನಡೆಸುತ್ತಿದೆ, ಮೈಸೂರು ಮತ್ತು ಧಾರವಾಡದಲ್ಲಿ ವಾಕ್ ಶ್ರವಣ ಸಂಸ್ಥೆಗಳನ್ನು ನಡೆಸುತ್ತಿದೆ. ನಮಗೆ ಶಕ್ತಿ ಇಲ್ಲ ಎಂಬ ಮಾತು ನಿಲ್ಲುವುದಿಲ್ಲ.

ಹಾಗೆಂದು ಪ್ರತಿ ಮಠವೂ ಒಂದೊಂದು ವಿಶೇಷ ಶಾಲೆ ತೆರೆಯಲಿ ಎಂದು ನಾನು ಕೇಳುತ್ತಿಲ್ಲ. ಹೆಚ್ಚಿನ ನೆರವು ಬೇಕಾದ ಮಕ್ಕಳಿಗೆ ಅವು ಬೇಕು, ಮಂಗಳೂರಿನಲ್ಲಿ ಕ್ರೈಸ್ತ ಸಂಸ್ಥೆಗಳೂ ಇತರರೂ ಅದನ್ನು ದಶಕಗಳಿಂದ ಮಾಡುತ್ತಿದ್ದಾರೆ. ನಾನು ಕೇಳುವುದು ಈಗಿರುವ ಶಾಲೆಗಳ ಬಗ್ಗೆ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ಹಂತದಲ್ಲಿ ಹದಿನೈದಕ್ಕೆ ಒಬ್ಬರು ವಿಶೇಷ ಶಿಕ್ಷಕರು ಬೇಕೆಂದಿತು. ಹುದ್ದೆ ತುಂಬದ ರಾಜ್ಯಗಳಿಗೆ 2025ರ ಮಾರ್ಚ್‌ನಲ್ಲಿ ಮತ್ತೆ ಸೂಚನೆ ಕೊಡಬೇಕಾಯಿತು. ಸರ್ಕಾರಕ್ಕಾಗಿ ಕಾಯುತ್ತ ಕುಳಿತರೆ ನನ್ನ ಮೊಮ್ಮಗ ಪಿಯುಸಿ ಮುಗಿಸಿರುತ್ತಾನೆ. ಒಂದು ವಿದ್ಯಾಪೀಠದ ಅಡಿಯಲ್ಲಿ ಒಂದೇ ತಾಲ್ಲೂಕಿನಲ್ಲಿ ಆರೇಳು ಶಾಲೆಗಳಿದ್ದರೆ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರಾದ ಒಬ್ಬ ವಿಶೇಷ ಶಿಕ್ಷಕರನ್ನು ಎಲ್ಲಕ್ಕೂ ಸೇರಿಸಿ ನೇಮಿಸಬಹುದು. ಖರ್ಚು ಒಂದು ಸಂಬಳ. ಜಾತ್ರೆಯ ಒಂದು ದಿನದ ಪೆಂಡಾಲು, ಧ್ವನಿವರ್ಧಕದ ಬಿಲ್ಲಿನೊಂದಿಗೆ ಹೋಲಿಸಿ ನೋಡಿ; ನಾನು ಎಸ್ಟಿಮೇಟ್ ಮಾಡಿಕೊಂಡೇ ಬಂದವನು. ಕೆಲವು ಖಾಸಗಿ ಶಾಲೆಗಳಲ್ಲಿ ‘ಜೊತೆಗೆ ಕೂರುವ ಟೀಚರನ್ನು ನೀವೇ ಸಂಬಳ ಕೊಟ್ಟು ಕರೆತನ್ನಿ’ ಎನ್ನುತ್ತಾರೆ. ಅದು ದುಡ್ಡಿದ್ದವರ ಮಗುವಿಗೆ ಮಾತ್ರ ತೆರೆದ ಬಾಗಿಲು. ನಮ್ಮ ಶಾಲೆಗಳು ಆ ದಾರಿ ಹಿಡಿಯಬಾರದು.

ಒಂದು ಕಹಿ ಮಾತು ಹೇಳಿಬಿಡುತ್ತೇನೆ. ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆ ಸಿಗಬೇಕೆಂಬ ಬೇಡಿಕೆಗೆ ನಾನೂ ಸಹಿ ಹಾಕಿದವನು. ಆದರೆ 2018ರ ಆ ದಿನಗಳಲ್ಲಿ ಕೆಲವು ಸಂಸ್ಥೆಗಳ ಆಡಳಿತದವರು ಸಂಭ್ರಮಿಸಿದ್ದು ಬೇರೆ ಕಾರಣಕ್ಕೆ. ಅಲ್ಪಸಂಖ್ಯಾತ ಶಾಲೆಗಳಿಗೆ ಶಿಕ್ಷಣ ಹಕ್ಕು ಕಾಯ್ದೆ ಅನ್ವಯಿಸದು ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು, ಹಾಗಾಗಿ ‘ಆ ಸೀಟುಗಳ ಕಾಟ ತಪ್ಪುತ್ತದೆ’ ಎಂದು. 2012ರ ತಿದ್ದುಪಡಿಯ ನಂತರ ‘ಆ ಸೀಟು’ಗಳಲ್ಲಿ ಅಂಗವಿಕಲ ಮಕ್ಕಳದ್ದೂ ಸೇರಿದೆ. ಧರ್ಮದ ಮಾನ್ಯತೆಯನ್ನು ಮಗುವಿನಿಂದ ತಪ್ಪಿಸಿಕೊಳ್ಳುವ ಉಪಾಯವಾಗಿ ಬಯಸುವವರೊಂದಿಗೆ ನನ್ನ ಸಹಿ ಇಲ್ಲ.

ಪೋಷಕರಿಗೂ ಒಂದು ಎಚ್ಚರಿಕೆ. ಸ್ಟೆಮ್ ಸೆಲ್ ಎಂದು ಲಕ್ಷಗಟ್ಟಲೆ ಕೇಳುವವರು, ಮೂರು ತಿಂಗಳಲ್ಲಿ ಗುಣ ಎಂದು ಪುಡಿ ಮಾರುವವರು, ಯಂತ್ರ ಕಟ್ಟುವವರು ಮೂವರೂ ನನ್ನ ಲೆಕ್ಕದಲ್ಲಿ ಒಂದೇ. ಇದು ಗುಣಪಡಿಸುವ ಕಾಯಿಲೆಯಲ್ಲ. ಆ ದುಡ್ಡನ್ನು ವಾಕ್ ಚಿಕಿತ್ಸೆಗೆ, ಆಕ್ಯುಪೇಷನಲ್ ಥೆರಪಿಗೆ, ತಾಯಿಗೆ ವಾರಕ್ಕೊಂದು ಮಧ್ಯಾಹ್ನದ ಬಿಡುವಿಗೆ ಖರ್ಚು ಮಾಡಿ. ಕೊನೆಯದನ್ನು ನಾವು ಬಹಳ ತಡವಾಗಿ ಅರಿತೆವು. ನನ್ನ ಸೊಸೆ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತು. ಈಗ ಗುರುವಾರ ಮಧ್ಯಾಹ್ನ ಹುಡುಗನನ್ನು ಶಾಲೆಯಿಂದ ಕರೆತರುವುದು ನನ್ನ ಕಾಯಕ. ನಾವಿಬ್ಬರೂ ಸಿಟಿ ಬಸ್ಸಿನಲ್ಲಿ ಸ್ಟೇಟ್‌ಬ್ಯಾಂಕ್‌ವರೆಗೆ ಹೋಗಿ, ಅಲ್ಲಿ ಬಸ್ಸುಗಳನ್ನು ನೋಡಿ, ಬೇರೆ ನಂಬರಿನ ಬಸ್ಸಿನಲ್ಲಿ ಮರಳುತ್ತೇವೆ.

ಈ ಜೂನ್‌ಗೆ ಅವನು ನಾಲ್ಕನೇ ತರಗತಿ. ಶಿಕ್ಷಕರು ಹೊಸಬರು, ಕೋಣೆ ಮಹಡಿಯ ಮೇಲಿನದು, ಛಾವಣಿ ಜಿಂಕ್ ಶೀಟಿನದು. ಮಳೆ ಬಿದ್ದರೆ ಪಾಠ ಯಾರಿಗೂ ಕೇಳಿಸದು. ಕೆಳಗಿನ ಕೋಣೆ ಕೊಡಲಾದೀತೇ ಎಂದು ಕೇಳಿದ್ದೇವೆ. ಆಗದಿದ್ದರೆ ಶೀಟಿನ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿಸಲು ಎಷ್ಟಾಗುತ್ತದೆ ಎಂದು ನಾನು ಟೇಪು ಹಿಡಿದು ಅಳತೆ ತೆಗೆದುಕೊಂಡು ಬಂದಿದ್ದೇನೆ. ಮೇ ಕೊನೆಯ ವಾರ ಹೊಸ ಶಿಕ್ಷಕರೊಂದಿಗೆ ಭೇಟಿ. ಸೊಸೆ ಆ ಒಂದು ಹಾಳೆಯನ್ನು ಮತ್ತೆ ಬರೆಯುತ್ತಿದ್ದಾಳೆ. ಕಾಲರ್ ಕಚ್ಚುವುದು ನಿಂತಿದೆ, ಈಗ ಉಗುರು ಕಚ್ಚುತ್ತಾನೆ, ಅದನ್ನು ತಿದ್ದಬೇಕು.